ಹೆಬ್ಬೆರಳ ಬುಡದಲ್ಲಿ ಗಂಟಿದ್ದರೆ ಯಾವ ಪಾದರಕ್ಷೆ? ಹವಾಯಿಯಿಂದ ಬೇರ್‌ಫೂಟ್ ಶೂವರೆಗೆ ಒಂದು ಹೋಲಿಕೆ

ಹೆಬ್ಬೆರಳಿನ ಬುಡದಲ್ಲಿ ಎಲುಬು ಉಬ್ಬಿದೆ, ಶೂ ಒತ್ತುತ್ತದೆ ಎಂದು ಅಂಗಡಿಯಲ್ಲಿ ಹೇಳಿ ನೋಡಿ. ಸಾಮಾನ್ಯವಾಗಿ ಸಿಗುವುದು ಎರಡೇ ಉತ್ತರ. ‘ಒಂದು ಸೈಜ್ ದೊಡ್ಡದು ತಗೊಳ್ಳಿ’ ಅಥವಾ ‘ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ’. ಎರಡನ್ನೂ ನಂಬಬೇಡಿ. ಸೈಜ್ ದೊಡ್ಡದಾದರೆ ಉದ್ದ ಹೆಚ್ಚುತ್ತದೆ, ಅಗಲ ಒಂದಿಷ್ಟೇ ಹೆಚ್ಚುತ್ತದೆ. ಹಿಮ್ಮಡಿ ಸಡಿಲವಾಗಿ ಪಾದ ಮುಂದಕ್ಕೆ ಜಾರುತ್ತದೆ, ಬೆರಳುಗಳು ಮತ್ತೆ ಅದೇ ಚೂಪು ಮೂತಿಯೊಳಗೆ ಸಿಕ್ಕಿಕೊಳ್ಳುತ್ತವೆ. ಇನ್ನು ಲೂಸ್ ಆಗುವವರೆಗೆ ಕಾಯುವುದು ಅಂದರೆ ನಿಮ್ಮ ಗಂಟಿನಿಂದಲೇ ಶೂ ಹಿಗ್ಗಿಸುವುದು. ಆ ನೋವು ಯಾಕೆ ತಿನ್ನಬೇಕು?

ಈ ಗಂಟಿಗೆ ಡಾಕ್ಟರುಗಳು ಬನಿಯನ್ ಅನ್ನುತ್ತಾರೆ, ಚೀಟಿಯಲ್ಲಿ ಹ್ಯಾಲಕ್ಸ್ ವಾಲ್ಗಸ್ ಎಂದು ಬರೆಯುತ್ತಾರೆ. ಹೊಸ ಎಲುಬು ಬೆಳೆದ ಹಾಗೆ ಕಂಡರೂ ಅಲ್ಲಿ ಆಗಿರುವುದು ಬೇರೆ. ಹೆಬ್ಬೆರಳಿನ ಹಿಂದಿರುವ ಉದ್ದ ಎಲುಬು ಇನ್ನೊಂದು ಕಾಲಿನ ಕಡೆಗೆ ಸರಿದಿರುತ್ತದೆ. ಹೆಬ್ಬೆರಳು ಪಕ್ಕದ ಬೆರಳಿನ ಕಡೆಗೆ ವಾಲಿರುತ್ತದೆ. ಇವೆರಡೂ ಸೇರುವ ಕೀಲು ಮಡಚಿದ ಮೊಣಕೈ ಹಾಗೆ ಹೊರಗೆ ಚಾಚಿಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ವಾಲುವಿಕೆ 15 ಡಿಗ್ರಿ ದಾಟಿದರೆ ಬನಿಯನ್ ಎಂದು ಲೆಕ್ಕ, 40 ದಾಟಿದರೆ ತೀವ್ರ. ಶೂ ಉಜ್ಜಿ ಉಜ್ಜಿ ಆ ಕೀಲಿನ ಮೇಲಿನ ಚರ್ಮ ಮತ್ತು ಅದರ ಕೆಳಗಿರುವ ಸಣ್ಣ ದ್ರವದ ಚೀಲ ಊದಿಕೊಳ್ಳುತ್ತವೆ. ಸಂಜೆ ಕೆಂಪಗಾಗಿ ಉರಿಯುವುದು ಅದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವ ಚಪ್ಪಲಿಯೂ, ಯಾವ ಶೂವೂ ದೊಡ್ಡವರ ವಾಲಿದ ಬೆರಳನ್ನು ನೆಟ್ಟಗೆ ಮಾಡುವುದಿಲ್ಲ. ಹಾಗೆ ಬರೆದುಕೊಂಡ ಜಾಹೀರಾತು ಕಂಡರೆ ಮುಂದೆ ಹೋಗಿ. ಈ ತೊಂದರೆ ಮನೆತನದಲ್ಲಿ ಬರುತ್ತದೆ, ಹೆಂಗಸರಲ್ಲಿ ಜಾಸ್ತಿ, ಕೀಲು ಸಡಿಲ ಇರುವವರಲ್ಲಿ ಮತ್ತು ಸಂಧಿವಾತ ಇರುವವರಲ್ಲಿ ಜಾಸ್ತಿ. ಆದರೆ ಪಾದರಕ್ಷೆಯ ಪಾಲು ಸಣ್ಣದೇನಲ್ಲ. 1958ರಲ್ಲಿ ಹಾಂಗ್‌ಕಾಂಗ್‌ನ ಇಬ್ಬರು ವೈದ್ಯರು ಶೂ ಹಾಕುವ ಚೀನೀಯರನ್ನೂ ಬರಿಗಾಲಲ್ಲೇ ಬದುಕಿದ ಚೀನೀಯರನ್ನೂ ಹೋಲಿಸಿ ನೋಡಿದರು. ಶೂ ಹಾಕುವವರಲ್ಲಿ ಶೇ. 33ರಷ್ಟು ಜನರಿಗೆ ಬೆರಳು ವಾಲಿತ್ತು. ಬರಿಗಾಲಿನವರಲ್ಲಿ ಅದು ಶೇ. 1.9 ಮಾತ್ರ. ಬರಿಗಾಲಿನವರಿಗೂ ಬರುತ್ತದೆ ಅನ್ನುವುದನ್ನೂ ಗಮನಿಸಿ. ಒಳ್ಳೆಯ ಪಾದರಕ್ಷೆ ಮಾಡಬಲ್ಲದ್ದು ಇಷ್ಟು: ಒತ್ತಡ ತೆಗೆದು ನೋವು ಇಳಿಸುವುದು, ಬೆರಳುಗಳಿಗೆ ಅಗಲವಾಗಿ ಊರಲು ಜಾಗ ಕೊಡುವುದು, ಇದ್ದದ್ದು ಬೇಗ ಹೆಚ್ಚದ ಹಾಗೆ ನೋಡಿಕೊಳ್ಳುವುದು. ನಡೆಯುವಾಗ ನೋಯದಿದ್ದರೆ ಅದೇ ದೊಡ್ಡದು ಅಲ್ವಾ?

ಪೇಟೆಯಲ್ಲಿ ‘ಆರ್ಥೋ’, ‘ಬೇರ್‌ಫೂಟ್’, ‘ಮೆಮೊರಿ ಫೋಮ್’ ಅಂತೆಲ್ಲ ಹೆಸರು ಹಚ್ಚಿ ಮಾರುತ್ತಾರೆ. ಹೆಸರು ಬಿಡಿ. ಮೂತಿ ನಿಮ್ಮ ಪಾದದ ಆಕಾರದಲ್ಲಿದೆಯಾ ಅನ್ನುವುದು ಮೊದಲ ಪ್ರಶ್ನೆ. ಸೋಲ್ ತೆಳ್ಳಗಿರಬೇಕಾ ದಪ್ಪಗಿರಬೇಕಾ ಅನ್ನುವುದು ಎರಡನೆಯದು, ಅದರ ಉತ್ತರ ನಿಮ್ಮ ಹೆಬ್ಬೆರಳ ಕೀಲಿನಲ್ಲಿದೆ. ಅದಕ್ಕೇ ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿ ಎರಡು ಕೆಲಸ ಮಾಡಿ.

ಮನೆಯಲ್ಲೇ ಮಾಡುವ ಎರಡು ಪರೀಕ್ಷೆ

ಸಂಜೆ ಹೊತ್ತು ಹಳೇ ಕ್ಯಾಲೆಂಡರಿನ ಹಾಳೆ ತಿರುಗಿಸಿ ನೆಲಕ್ಕೆ ಹಾಕಿ. ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ, ಆ ಅಳತೆಯೇ ಬೇಕು. ಅದರ ಮೇಲೆ ಎರಡೂ ಕಾಲಿನ ಮೇಲೆ ಸಮವಾಗಿ ಭಾರ ಹಾಕಿ ನಿಂತು, ಬೇರೆಯವರ ಕೈಲಿ ಪೆನ್ಸಿಲ್ ಕೊಟ್ಟು ಪಾದದ ಸುತ್ತ ಗೆರೆ ಎಳೆಸಿ. ಪೆನ್ಸಿಲ್ ನೆಟ್ಟಗಿರಲಿ, ಒಳಗೆ ವಾಲಬಾರದು. ಎರಡೂ ಪಾದ ಬರೆಸಿ, ಒಂದಕ್ಕಿಂತ ಇನ್ನೊಂದು ದೊಡ್ಡದಿರುವುದು ಮಾಮೂಲು. ಈಗ ನೀವು ದಿನಾ ಹಾಕುವ ಶೂವಿನ ಇನ್‌ಸೋಲ್ ಹೊರಗೆ ಎಳೆದು ಗೆರೆಯ ಮೇಲಿಡಿ. ಹಿಮ್ಮಡಿಗೆ ಹಿಮ್ಮಡಿ ಸರಿ ಹೊಂದಿಸಿ. ಎಷ್ಟೋ ಜನರ ಶೂಗಳಲ್ಲಿ ಹೆಬ್ಬೆರಳಿನ ಅರ್ಧ, ಕಿರುಬೆರಳಿನ ಮುಕ್ಕಾಲು ಭಾಗ ಇನ್‌ಸೋಲಿನ ಆಚೆಗೆ ಉಳಿಯುತ್ತದೆ. ಪಾದದ ಅತಿ ಅಗಲದ ಜಾಗ ಬೆರಳುಗಳ ಬುಡದಲ್ಲೋ ತುದಿಯಲ್ಲೋ ನೋಡಿ. ಹೆಚ್ಚಿನ ಶೂಗಳು ಬುಡ ದಾಟಿದ ತಕ್ಷಣ ಕಿರಿದಾಗತೊಡಗುತ್ತವೆ, ಬೆರಳು ಬಿಚ್ಚಿಕೊಂಡ ಪಾದ ಹಾಗೆ ಕಿರಿದಾಗುವುದಿಲ್ಲ. ಈ ಹಾಳೆಯನ್ನು ಕತ್ತರಿಸಿ ಅಂಗಡಿಗೆ ಒಯ್ಯಿರಿ. ಅತಿ ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಉಳಿಯಬೇಕು, ಅಗಲದಲ್ಲಿ ಗೆರೆ ಎಲ್ಲೂ ಹೊರಬರಬಾರದು.

ಎರಡನೆಯದು ಕೀಲಿನ ಪರೀಕ್ಷೆ. ಕುರ್ಚಿಯಲ್ಲಿ ಕೂತು ಪಾದ ಊರಿ. ಕೈಯಿಂದ ಹೆಬ್ಬೆರಳನ್ನು ನಿಧಾನವಾಗಿ ಮೇಲಕ್ಕೆ ಎತ್ತಿ. ನೋವಿಲ್ಲದೆ ಸಲೀಸಾಗಿ ಬಾಗಿದರೆ ನಿಮ್ಮ ಆಯ್ಕೆ ದೊಡ್ಡದು. ಸ್ವಲ್ಪ ಎತ್ತುವಷ್ಟರಲ್ಲೇ ಬಿಗಿಯಾಗಿ ನಿಂತರೆ, ಅಥವಾ ಕೀಲಿನ ಮೇಲ್ಭಾಗದಲ್ಲಿ ಚುಚ್ಚಿದರೆ, ಕೀಲು ಸವೆದಿರಬಹುದು. ಅಂಥವರಿಗೆ ಬಾಗುವ ತೆಳು ಸೋಲ್ ಹಿತವಲ್ಲ, ಪ್ರತಿ ಹೆಜ್ಜೆಯಲ್ಲೂ ಬಾಗದ ಕೀಲನ್ನು ಬಲವಂತವಾಗಿ ಬಗ್ಗಿಸಿದ ಹಾಗಾಗುತ್ತದೆ. ಪಾದದ ಆರೋಗ್ಯದ ಬಗ್ಗೆ ಬರೆಯುವವರು ಇದನ್ನು ಹೇಳುವುದು ಕಡಿಮೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ.

ಹವಾಯಿಯೋ ಕೊಲ್ಹಾಪುರಿಯೋ

ಹವಾಯಿ ಚಪ್ಪಲಿಯಲ್ಲಿ ಬೆರಳುಗಳು ಬಯಲಿನಲ್ಲಿರುತ್ತವೆ, ಅದೇ ಅದರ ದೊಡ್ಡ ಗುಣ. ಬೆರಳ ಸಂದಿಯ ಕಡ್ಡಿ ಹೆಬ್ಬೆರಳನ್ನು ಪಕ್ಕದ ಬೆರಳಿನಿಂದ ಒಂಚೂರು ದೂರ ಇಡುತ್ತದೆ. ತೊಂದರೆ ಎರಡು ಕಡೆ. ಹಿಂದೆ ಪಟ್ಟಿ ಇಲ್ಲದ್ದರಿಂದ ಚಪ್ಪಲಿ ಕಳಚದ ಹಾಗೆ ಬೆರಳುಗಳು ಹೆಜ್ಜೆ ಹೆಜ್ಜೆಗೂ ಮುದುಡಿ ಹಿಡಿಯಬೇಕು. ಒಳಬದಿಯ ಬಾರು ಹೆಚ್ಚಿನ ಪಾದಗಳಲ್ಲಿ ಗಂಟಿನ ಮೇಲೇ ಹಾದುಹೋಗುತ್ತದೆ. ಬಚ್ಚಲಿಗೆ, ಹಿತ್ತಿಲಿಗೆ, ಹಾಲಿನ ಅಂಗಡಿಗೆ ಸಾಕು. ಬೆಳಗಿನ ವಾಕಿಂಗಿಗೆ ಬೇಡ. ಸೋಲ್ ಸವೆದು ನುಣುಪಾದ ಹವಾಯಿಯನ್ನು ವಯಸ್ಸಾದವರ ಕಾಲಿನಿಂದ ಇವತ್ತೇ ತೆಗೆಸಿ, ಒದ್ದೆ ನೆಲದಲ್ಲಿ ಬಿದ್ದರೆ ಬನಿಯನ್‌ಗಿಂತ ದೊಡ್ಡ ಕಷ್ಟ.

ಕೊಲ್ಹಾಪುರಿ ಹೆಸರಿನಲ್ಲಿ ಮಾರಾಟವಾಗುವ ಚಪ್ಪಲಿ ನಮ್ಮದೂ ಹೌದು. 2019ರಲ್ಲಿ ಅದಕ್ಕೆ ಸಿಕ್ಕ ಜಿಐ (ಭೌಗೋಳಿಕ ಗುರುತು) ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇವೆ. ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲಿನಿಂದ ಮೊಳೆ ಹೊಡೆಯದೆ ಹೊಲಿದು ಮಾಡುತ್ತಾರೆ. ಸೋಲ್ ಚಪ್ಪಟೆ, ಮುಂಭಾಗ ಅಗಲ, ಹಿಮ್ಮಡಿ ಎತ್ತರ ಕಡಿಮೆ. ಕಾಗದದ ಮೇಲೆ ಬನಿಯನ್ ಪಾದಕ್ಕೆ ಹೇಳಿ ಮಾಡಿಸಿದ್ದು.

ಆದರೆ ಉಂಗುಟ ನೋಡಿ. ಹೆಬ್ಬೆರಳು ಅದರೊಳಗೆ ನೆಟ್ಟಗೆ ಹೋಗಬೇಕು. ವಾಲಿದ ಬೆರಳಿಗೆ ಉಂಗುಟದ ಒಂದು ಬದಿ ಕೊರೆಯುತ್ತದೆ. ಅದರ ಮೇಲೆ ಹೊಸ ತೊಗಲು ಗಡುಸು, ಅಡ್ಡ ಪಟ್ಟಿಯ ಮುಂದಿನ ಅಂಚು ಗಂಟಿಗೆ ತಾಗಿದರೆ ಮೊದಲ ವಾರದಲ್ಲೇ ಚರ್ಮ ಕಿತ್ತುಬರುತ್ತದೆ. ಗಂಟು ಸಣ್ಣದಿದ್ದು ಕೀಲು ಚೆನ್ನಾಗಿ ಬಾಗುತ್ತಿದ್ದರೆ ಧೈರ್ಯವಾಗಿ ಕೊಳ್ಳಿ. ಎಣ್ಣೆ ಸವರಿ, ಮೊದಮೊದಲು ಮನೆಯೊಳಗೇ ಸ್ವಲ್ಪ ಹೊತ್ತು ಹಾಕಿಕೊಂಡು ಮೆದುವಾಗಿಸಿ. ಗಂಟು ದೊಡ್ಡದಿದ್ದರೆ ಉಂಗುಟ ಇಲ್ಲದ, ಅಡ್ಡ ಪಟ್ಟಿ ಹಿಂದಕ್ಕೆ ಸರಿದಿರುವ ಜೋಡಿ ಕೇಳಿ. ಕೈಯಲ್ಲಿ ಮಾಡುವವರ ಹತ್ತಿರ ಕೊಳ್ಳುವ ಲಾಭವೇ ಇದು, ಕ್ಯಾಲೆಂಡರ್ ಹಾಳೆಯ ಮೇಲಿನ ನಿಮ್ಮ ಪಾದ ತೋರಿಸಿ ಅದಕ್ಕೆ ತಕ್ಕಂತೆ ಮಾಡಿಸಬಹುದು. ಮಳೆಗಾಲದಲ್ಲಿ ಮಾತ್ರ ಇದನ್ನು ಎತ್ತಿಡಿ. ನೆಂದರೆ ತೊಗಲೂ ಹಾಳು, ಒದ್ದೆ ಕಲ್ಲಿನ ಮೇಲೆ ಜಾರುತ್ತದೆ ಕೂಡ.

ಪಟ್ಟಿ ಸ್ಯಾಂಡಲ್: ನಮ್ಮ ಹವೆಗೆ ನನ್ನ ಮೊದಲ ಆಯ್ಕೆ

ಎರಡು ಮೂರು ವೆಲ್ಕ್ರೋ ಪಟ್ಟಿ, ಹಿಂದೆ ಹಿಮ್ಮಡಿ ಪಟ್ಟಿ, ಅಗಲ ಸೋಲ್ ಇರುವ ಸ್ಯಾಂಡಲ್ ನಮ್ಮಲ್ಲಿ ಎಲ್ಲಾ ಊರಿನಲ್ಲೂ ಸಿಗುತ್ತದೆ. ಹಿಮ್ಮಡಿ ಹಿಡಿದಿರುವುದರಿಂದ ಬೆರಳು ಮುದುಡಬೇಕಿಲ್ಲ. ಬೆಳಗ್ಗೆ ಬಿಗಿ ಮಾಡಿ, ಸಂಜೆ ಕಾಲು ಊದಿದಾಗ ಸಡಿಲ ಮಾಡಬಹುದು. ನೋಡಬೇಕಾದ್ದು ಒಂದೇ: ನಿಂತಾಗ ಗಂಟು ಎರಡು ಪಟ್ಟಿಗಳ ನಡುವಿನ ಖಾಲಿ ಜಾಗದಲ್ಲಿರಬೇಕು. ಪಟ್ಟಿಯ ಅಂಚು ಅದರ ಮೇಲೆ ಬಂದರೆ ಎಷ್ಟೇ ಮೆತ್ತಗಿದ್ದರೂ ಬಿಡಿ. ಹೆಂಗಸರ ಸ್ಯಾಂಡಲ್‌ಗಳು ಮುಂದೆ ಕಿರಿದಾಗಿರುವುದು ಜಾಸ್ತಿ. ಗಂಡಸರ ವಿಭಾಗದಲ್ಲಿ ನಿಮ್ಮ ಅಳತೆಯ ಸಣ್ಣ ಸೈಜ್ ಕೇಳಲು ಸಂಕೋಚ ಬೇಡ. ಸೀರೆಯ ಕೆಳಗೆ ಚೆಂದ ಕಾಣಲ್ಲ ಅನ್ನುವವರಿಗೆ ನಾನು ಹೇಳುವುದಿಷ್ಟೇ, ಕುಂಟುತ್ತಾ ನಡೆಯುವುದೂ ಚೆಂದ ಕಾಣಲ್ಲ.

ಪಾದದ ಅಚ್ಚಿನಂಥ ತಗ್ಗುದಿಬ್ಬ ಇರುವ ಕಾರ್ಕ್ ಸೋಲ್ ಸ್ಯಾಂಡಲ್‌ಗಳು, ಬಿರ್ಕೆನ್‌ಸ್ಟಾಕ್ ಥರದವು, ಇದೇ ಗುಂಪಿನವು. ಅವುಗಳಲ್ಲಿ ಅಗಲದ ಎರಡು ಅಳತೆ ಬರುತ್ತವೆ. ‘ರೆಗ್ಯುಲರ್’ ಅಂದರೆ ಅಗಲದ್ದು, ‘ನ್ಯಾರೋ’ ಅಂದರೆ ಕಿರಿದು. ಬನಿಯನ್ ಇರುವವರಿಗೆ ಮೊದಲನೆಯದು.

ಮುಂದೆ ಮುಚ್ಚಿ ಹಿಂದೆ ತೆರೆದಿರುವ, ರಬ್ಬರಿನಂಥ ಹಗುರ ಕ್ಲಾಗ್‌ಗಳೂ ಮೂತಿ ಅಗಲ ಇರುವುದರಿಂದ ಪರವಾಗಿಲ್ಲ. ಅಡುಗೆಮನೆಯಲ್ಲೋ ವಾರ್ಡಿನಲ್ಲೋ ಗಂಟೆಗಟ್ಟಲೆ ನಿಲ್ಲುವವರಿಗೆ ಆಗುತ್ತದೆ. ಹಿಂದಿನ ಪಟ್ಟಿಯನ್ನು ಹಿಮ್ಮಡಿಗೆ ಹಾಕಿಕೊಂಡರೆ ಮಾತ್ರ.

ಅಗಲ ಮೂತಿಯ ಸ್ಪೋರ್ಟ್ಸ್ ಶೂ, ಬೇರ್‌ಫೂಟ್ ಶೂ

ನಮ್ಮ ಅಂಗಡಿಗಳಲ್ಲಿ ಉದ್ದದ ನಂಬರ್ ಸಿಗುತ್ತದೆ, ಅಗಲದ ಅಳತೆ ಕೇಳಿದರೆ ಮುಖ ನೋಡುತ್ತಾರೆ. ನಾವು ಬಳಸುವುದೂ ಬ್ರಿಟಿಷ್ ಸೈಜೇ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021–22ರಲ್ಲಿ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಸ್ಕ್ಯಾನ್ ಮಾಡಿ ನೋಡಿತು. ನಮ್ಮ ಪಾದಗಳು ಯುರೋಪಿನವರ ಪಾದಗಳಿಗಿಂತ ಅಗಲ ಎಂಬುದು ಅದರಲ್ಲಿ ಗೊತ್ತಾಯಿತು. ಅದರ ಮೇಲೆ ‘ಭಾ’ ಎಂಬ ಭಾರತೀಯ ಸೈಜ್ ಪದ್ಧತಿಯನ್ನೂ ರೂಪಿಸಿದ್ದಾರೆ. ಹಾಗಾಗಿ ಶೂ ಬಿಗಿಯಾದರೆ ತಪ್ಪು ನಿಮ್ಮ ಕಾಲಿನದಲ್ಲ.

ನ್ಯೂ ಬ್ಯಾಲನ್ಸ್, ಆಸಿಕ್ಸ್‌ನಂಥ ಕಂಪನಿಗಳು ಕೆಲವು ಮಾದರಿಗಳನ್ನು ಅಗಲದ ಅಳತೆಯಲ್ಲೂ ಮಾಡುತ್ತವೆ. ಪೆಟ್ಟಿಗೆಯ ಮೇಲೆ 2ಇ, 4ಇ ಎಂಬ ಗುರುತು ಹುಡುಕಿ. ಗಂಡಸರಿಗೆ ಮಾಮೂಲು ಅಗಲ ‘ಡಿ’, ಹೆಂಗಸರಿಗೆ ‘ಬಿ’. ಅಂದರೆ ಹೆಂಗಸರ ಪೆಟ್ಟಿಗೆಯಲ್ಲಿ ‘ಡಿ’ ಕಂಡರೆ ಅದು ಅಗಲದ್ದು. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಮಕ್ಕಳು, ನೆಂಟರು ಇದ್ದರೆ ಚಾಕೊಲೇಟಿನ ಬದಲು ಇದನ್ನು ತರಿಸಿಕೊಳ್ಳಿ. ಅಲ್ಲಿ ಅಗಲದ ಅಳತೆ ಸುಲಭವಾಗಿ ಸಿಗುತ್ತದೆ. ನಂಬರ್ ಹೇಳಬೇಡಿ, ಗೊಂದಲ ಆಗುತ್ತದೆ. ಪಾದದ ಉದ್ದ ಅಗಲ ಎರಡನ್ನೂ ಸೆಂಟಿಮೀಟರಿನಲ್ಲಿ ಕಳಿಸಿ.

ಮೇಲಿನ ಬಟ್ಟೆ ಹೆಣಿಗೆಯದಾಗಿರಲಿ, ಗಂಟಿನ ಜಾಗದಲ್ಲಿ ಹೊಲಿಗೆಯಾಗಲಿ ಪ್ಲಾಸ್ಟಿಕ್ ಪಟ್ಟಿಯಾಗಲಿ ಇರದಿರಲಿ. ಲೇಸ್ ಕಟ್ಟುವಾಗ ಗಂಟಿನ ಹತ್ತಿರದ ತೂತು ಬಿಟ್ಟು ಮೇಲಿನದಕ್ಕೆ ಪೋಣಿಸಿದರೆ ಅಲ್ಲಿನ ಬಿಗಿ ಇಳಿಯುತ್ತದೆ.

ಬೇರ್‌ಫೂಟ್ ಶೂ ಅಂದರೆ ತೆಳ್ಳನೆಯ, ಮಡಚಿದರೆ ಮಡಚುವ ಸೋಲ್, ಹಿಮ್ಮಡಿಯೂ ಬೆರಳೂ ಒಂದೇ ಮಟ್ಟ, ಪಾದದಾಕಾರದ ಅಗಲ ಮೂತಿ. ಇದರ ಪರವಾಗಿ ಹೇಳಲು ಗಟ್ಟಿ ಮಾತಿದೆ. 2021ರಲ್ಲಿ ಪ್ರಕಟವಾದ ಲಿವರ್‌ಪೂಲ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ, ಆರು ತಿಂಗಳು ದಿನಾ ಇಂಥ ಶೂ ಹಾಕಿಕೊಂಡು ಓಡಾಡಿದವರ ಪಾದದ ಶಕ್ತಿ ಸುಮಾರು ಶೇ. 57ರಷ್ಟು ಹೆಚ್ಚಿತ್ತು. ಬೆರಳುಗಳು ಕೆಲಸ ಮಾಡಲು ಶುರು ಮಾಡಿದರೆ ಪಾದ ಗಟ್ಟಿಯಾಗುತ್ತದೆ ಅನ್ನುವುದಕ್ಕೆ ಇದು ಒಳ್ಳೆಯ ಸಾಕ್ಷಿ. ಶಕ್ತಿ ಹೆಚ್ಚುವುದೂ ಗಂಟು ಕರಗುವುದೂ ಒಂದೇ ಅಲ್ಲ, ಅಷ್ಟು ನೆನಪಿಡಿ. ಬೆರಳು ಬೆರಳಿಗೂ ಬೇರೆ ಚೀಲ ಇರುವ ಶೂ ಮಾರುತ್ತಿದ್ದ ವಿಬ್ರಮ್ ಕಂಪನಿ, ಆರೋಗ್ಯ ಲಾಭದ ಬಗ್ಗೆ ಸಾಬೀತಾಗದ ಮಾತು ಹೇಳಿತ್ತೆಂಬ ಮೊಕದ್ದಮೆಯಲ್ಲಿ 2014ರಲ್ಲಿ ಅಮೆರಿಕದಲ್ಲಿ 37.5 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ನಮಗೆ ಇಲ್ಲಿ ಒಂದು ಅನುಕೂಲ ಇದೆ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಮನೆಯಲ್ಲಿ ಬರಿಗಾಲಲ್ಲಿ ಓಡಾಡುವವರು ನಾವು. ಪಾದಕ್ಕೆ ಬರಿಗಾಲು ಹೊಸದಲ್ಲ. ಹಾಗಂತ ಇಡೀ ದಿನ ದಪ್ಪ ಶೂ ಹಾಕಿದವರು ಮರುದಿನವೇ ತೆಳು ಸೋಲಿನಲ್ಲಿ ಕಾಂಕ್ರೀಟ್ ರಸ್ತೆಯ ಮೇಲೆ ಮೈಲಿಗಟ್ಟಲೆ ನಡೆದರೆ ಪಾದದ ಎಲುಬಿಗೆ ಪೆಟ್ಟಾಗುತ್ತದೆ, ಕೂದಲೆಳೆ ಬಿರುಕು ಬಿಡುವುದೂ ಉಂಟು. ದಿನಕ್ಕೆ ಹತ್ತಿಪ್ಪತ್ತು ನಿಮಿಷದಿಂದ ಶುರು ಮಾಡಿ, ತಿಂಗಳುಗಟ್ಟಲೆ ಸಮಯ ಕೊಟ್ಟು ಹೆಚ್ಚಿಸಿ. ಮೀನಖಂಡ ಅಥವಾ ಹಿಮ್ಮಡಿ ನೋಯಲು ಶುರುವಾದರೆ ಹಿಂದೆ ಸರಿಯಿರಿ. ಹಿಮ್ಮಡಿ ನೋವು ಈಗಾಗಲೇ ಇರುವವರಿಗೆ ನಡುದಾರಿಯೂ ಇದೆ: ಆಲ್ಟ್ರಾ ಕಂಪನಿಯ ಶೂಗಳ ಹಾಗೆ ಮೂತಿ ಅಗಲ, ಮಟ್ಟ ಸಮ, ಆದರೆ ಕೆಳಗೆ ಮೆತ್ತೆ ಇರುವಂಥವು.

ಮತ್ತೆ ಕೀಲಿನ ಪರೀಕ್ಷೆಗೆ ಬರೋಣ. ಹೆಬ್ಬೆರಳು ಬಾಗದವರು, ಬಾಗಿಸಿದರೆ ನೋಯುವವರು ಬೇರ್‌ಫೂಟ್ ಶೂ ಕೊಳ್ಳಬೇಡಿ. ನಿಮಗೆ ಬೇಕಾದ್ದು ಅದರ ತದ್ವಿರುದ್ಧ: ಗಟ್ಟಿಯಾದ, ಮುಂದೆ ತೊಟ್ಟಿಲ ಬುಡದಂತೆ ಮೇಲೆದ್ದ ದಪ್ಪ ಸೋಲ್. ಕೀಲು ಬಾಗದೆಯೇ ಹೆಜ್ಜೆ ಉರುಳುತ್ತದೆ. ಹೋಕಾದಂಥ ಶೂಗಳಲ್ಲಿ ಈ ಉಬ್ಬು ಇರುತ್ತದೆ, ಅಗಲದ ಅಳತೆಯದೇ ತಗೊಳ್ಳಿ.

ಸಕ್ಕರೆ ಕಾಯಿಲೆ ಇದ್ದರೆ

ಇವರ ಲೆಕ್ಕವೇ ಬೇರೆ. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಶೂ ಕೊರೆದದ್ದೂ ಗೊತ್ತಾಗುವುದಿಲ್ಲ, ಕಲ್ಲು ಚುಚ್ಚಿದ್ದೂ ಗೊತ್ತಾಗುವುದಿಲ್ಲ. ಬರಿಗಾಲು ಬೇಡ, ತೆಳು ಸೋಲ್ ಬೇಡ, ಬೆರಳ ಸಂದಿಯ ಕಡ್ಡಿಯೂ ಬೇಡ. ಎಂಸಿಆರ್ ಚಪ್ಪಲಿ ಕೇಳಿ. ಒತ್ತಿದರೆ ತಗ್ಗಿ ಮತ್ತೆ ಮೇಲೇಳುವ ಸೂಕ್ಷ್ಮ ರಂಧ್ರದ ರಬ್ಬರಿನದು ಅದು. ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡವರ ಪಾದ ಉಳಿಸಲು ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ಮತ್ತು ಅವರ ಜೊತೆಯವರು ಇದನ್ನು ಬಳಕೆಗೆ ತಂದರು, ಈಗ ಮಧುಮೇಹಿಗಳಿಗೆ ವರವಾಗಿದೆ. ಅಗಲದ ವೆಲ್ಕ್ರೋ ಪಟ್ಟಿ, ಹಿಮ್ಮಡಿ ಪಟ್ಟಿ ಎರಡೂ ಇರುವುದನ್ನೇ ಆರಿಸಿ. ಗಂಟಿನ ಮೇಲೆ ಸಣ್ಣ ಹುಣ್ಣು ಕಂಡರೂ ಅದೇ ದಿನ ಡಾಕ್ಟರಿಗೆ ತೋರಿಸಿ. ಕಾಯಬೇಡಿ.

ಆಫೀಸು, ಮದುವೆ ಮನೆ

ಹೀಲ್ ಇಲ್ಲ ಅಂತ ಬೆಲ್ಲಿ ಶೂ ಒಳ್ಳೆಯದು ಅಂದುಕೊಳ್ಳಬೇಡಿ. ಮೂತಿ ಚೂಪು, ಅದರ ಕತ್ತರಿಸಿದ ಅಂಚು ಸರಿಯಾಗಿ ಗಂಟಿನ ಮೇಲೆ ಕೂರುತ್ತದೆ. ದುಂಡು ಮೂತಿಯ, ಪಟ್ಟಿ ಹಾಕುವ ಮೇರಿ ಜೇನ್ ಥರದ್ದು ವಾಸಿ. ಕಾಲುಂಗುರ ಹಾಕುವವರು ಮುಚ್ಚಿದ ಶೂ ಕೊಳ್ಳುವಾಗ ಅದನ್ನು ಹಾಕಿಕೊಂಡೇ ಅಳತೆ ನೋಡಿ. ವಾಲಿದ ಹೆಬ್ಬೆರಳು ಆ ಬೆಳ್ಳಿಯನ್ನು ಪಕ್ಕದ ಬೆರಳಿಗೆ ಒತ್ತುತ್ತದೆ. ಹೀಲ್ಸ್ ಎತ್ತರವಾದಷ್ಟೂ ಮೈಭಾರ ಬೆರಳ ಬುಡಕ್ಕೆ ಬೀಳುತ್ತದೆ. ಮುಹೂರ್ತಕ್ಕೆ ಹಾಕಲೇಬೇಕಾದರೆ ಗಿಡ್ಡ ಅಗಲ ಹಿಮ್ಮಡಿಯದು ಹಾಕಿ, ಊಟದ ಹೊತ್ತಿಗೆ ಬದಲಾಯಿಸಿ.

ಗಂಡಸರು ಲೇಸ್ ಭಾಗ ಪೂರ್ತಿ ತೆರೆದುಕೊಳ್ಳುವ ಡರ್ಬಿ ಶೂ ನೋಡಿ. ನಿಜವಾದ ಚರ್ಮದ್ದಾದರೆ ಮೋಚಿ ಹತ್ತಿರ ಗಂಟಿನ ಜಾಗ ಮಾತ್ರ ಹಿಗ್ಗಿಸಬಹುದು, ರೆಕ್ಸಿನ್ ಹಿಗ್ಗುವುದಿಲ್ಲ. ಹಿಗ್ಗಿಸುವ ಜಾಗ ತೋರಿಸಲು ಒಂದು ಉಪಾಯ: ಕಾಲ್ಚೀಲದ ಮೇಲೆ ಗಂಟಿನ ತುದಿಗೆ ಒಂಚೂರು ಒದ್ದೆ ಕುಂಕುಮ ಹಚ್ಚಿ ಶೂ ಹಾಕಿ ನಾಲ್ಕು ಹೆಜ್ಜೆ ನಡೆಯಿರಿ. ಒಳಗೆ ಕೆಂಪು ಗುರುತು ಬಿದ್ದಿರುತ್ತದೆ. ಅಲ್ಲೇ ಹಿಗ್ಗಿಸಬೇಕು.

ಬೆರಳ ನಡುವೆ ಇಡುವ ಸಿಲಿಕೋನ್ ತುಂಡು, ಜೆಲ್ ಪ್ಯಾಡ್, ರಾತ್ರಿ ಕಟ್ಟುವ ಪಟ್ಟಿಗಳಿಂದ ಕೆಲವರಿಗೆ ನೋವು ಇಳಿಯುತ್ತದೆ. ಬಿಚ್ಚಿದ ಮೇಲೆ ಬೆರಳು ಮತ್ತೆ ತನ್ನ ಜಾಗಕ್ಕೇ ಬರುತ್ತದೆ. ಬಿಗಿ ಶೂ ಒಳಗೆ ಇವನ್ನು ತುರುಕಿದರೆ ಒತ್ತಡ ಇನ್ನೂ ಜಾಸ್ತಿ. ಅಗಲದ ಶೂ ಹಾಕಿಯೂ ನೋವು ಹೋಗದಿದ್ದರೆ, ಎರಡನೇ ಬೆರಳು ಹೆಬ್ಬೆರಳ ಮೇಲೇರುತ್ತಿದ್ದರೆ ಮೂಳೆ ಡಾಕ್ಟರನ್ನು ಕಾಣಿ. ಆಪರೇಷನ್ ಮಾಡುವುದು ನೋವಿಗೆ. ಅಂದಕ್ಕೆಂದು ಮಾಡಿಸಿಕೊಳ್ಳಬೇಡಿ. ಮಾಡಿಸಿಕೊಂಡರೂ ಆಮೇಲೆ ಅಗಲದ ಶೂವೇ ಗತಿ.

ಮಕ್ಕಳ ಕಾಲು

ನಿಮಗೆ ಗಂಟಿದ್ದರೆ ಮಕ್ಕಳ ಪಾದವನ್ನೂ ನೋಡುತ್ತಿರಿ. 1992ರಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 2,300 ಮಕ್ಕಳ ಪಾದದ ಅಚ್ಚು ಪರಿಶೀಲಿಸಿದ್ದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ. 8.6ರಷ್ಟು ಮಂದಿಗೆ ಚಪ್ಪಟೆ ಪಾದ, ಬರಿಗಾಲಿನ ಮಕ್ಕಳಲ್ಲಿ ಶೇ. 2.8. ಮುಚ್ಚಿದ ಶೂ ಹಾಕುವವರಲ್ಲಿ ಅತಿ ಹೆಚ್ಚು, ಸ್ಯಾಂಡಲ್, ಚಪ್ಪಲಿಯವರಲ್ಲಿ ಅದಕ್ಕಿಂತ ಕಡಿಮೆ. ಅದು ಬನಿಯನ್ ಬಗ್ಗೆ ಮಾಡಿದ ಅಧ್ಯಯನ ಅಲ್ಲ. ಆದರೆ ಬೆಳೆಯುವ ಪಾದದ ಮೇಲೆ ಶೂ ಪರಿಣಾಮ ಬೀರುತ್ತದೆ ಅನ್ನುವುದಕ್ಕೆ ಇಷ್ಟು ಹತ್ತಿರದ ಪುರಾವೆ ಬೇರೆ ಬೇಕಿಲ್ಲ.

ಶಾಲೆಯ ಕಪ್ಪು ಶೂ ಬಿಡಿಸಲು ಆಗುವುದಿಲ್ಲ, ಸರಿ. ಜೂನ್‌ನಲ್ಲಿ ಕೊಂಡದ್ದು ದಸರಾ ರಜೆಯ ಹೊತ್ತಿಗೆ ಬಿಗಿಯಾಗಿರಬಹುದು. ಇನ್‌ಸೋಲ್ ಹೊರಗೆ ತೆಗೆದು ಮಗುವನ್ನು ಅದರ ಮೇಲೆ ನಿಲ್ಲಿಸಿ. ಬೆರಳು ಅಂಚಿಗೆ ಬಂದಿದ್ದರೆ ಹೊಸದು ಕೊಡಿಸಿ, ವರ್ಷ ಮುಗಿಯಲಿ ಅಂತ ಕಾಯಬೇಡಿ. ಅಕ್ಕನ ಹಳೇ ಶೂ ತಂಗಿಗೆ ದಾಟಿಸುವ ಮುಂಚೆಯೂ ಹೀಗೇ ನಿಲ್ಲಿಸಿ ನೋಡಿ. ಮನೆಗೆ ಬಂದ ಕೂಡಲೇ ಶೂ ಕಾಲ್ಚೀಲ ಎರಡೂ ಬಿಚ್ಚಿ ಬರಿಗಾಲಲ್ಲಿ ಆಡಲು ಬಿಡಿ.